ಮೊದಲು ಆರಿದ್ದು

ಮೊಣಕಾಲ ಮೇಲಿಟ್ಟುಕೊಂಡಿದ್ದ ಫೋನಿನ ಪರದೆ ಮತ್ತೆ ಮಂಕಾಯಿತು. ಆರುವುದಕ್ಕೆ ಮುಂಚೆ ಒಂದು ಗಳಿಗೆ ಹೀಗೆ ಮಂಕಾಗುತ್ತದೆ, ಮುಟ್ಟುತ್ತೀಯೋ ಬಿಡುತ್ತೀಯೋ ಎಂದು ಕೇಳುವ ಹಾಗೆ. ಯುಸ್ತಿನ್ ಮುಟ್ಟಲಿಲ್ಲ. ಪರದೆಯ ಮೇಲೆ ಉರಿಯುತ್ತಿದ್ದ ಮೇಣದಬತ್ತಿ ಹೋಗಿ ಆ ಕಪ್ಪಿನಲ್ಲಿ ಅವನ ಮೂಗು, ಬೋಳಿಸದ ಗದ್ದ, ತಲೆಯ ಮೇಲಿನ ಸಾಮಾನಿನ ಹಲಗೆ ಮೂಡಿದವು. ಮತ್ತೆ ಮುಟ್ಟಿ ಎಬ್ಬಿಸಿದ, ಮತ್ತೆ ಕಾದ. ರೈಲು ಯಾಶ್ ಬಿಟ್ಟಾಗಿನಿಂದ ಇದೇ ಕೆಲಸ. ಎದುರು ಸೀಟಿನಲ್ಲಿ ಸೂರ್ಯಕಾಂತಿ ಬೀಜ ಬಿಡಿಸಿಕೊಂಡು ತಿನ್ನುತ್ತಿದ್ದ ಹೆಂಗಸು ಬಹಳ ಹೊತ್ತು ತಡೆದುಕೊಂಡಿದ್ದು ಕೊನೆಗೆ ಕೇಳಿಯೇಬಿಟ್ಟಳು: "ಫೋನು ಕೆಟ್ಟಿದ್ಯಾ?" "ಇಲ್ಲ, ಚೆನ್ನಾಗೇ ಇದೆ." "ಮತ್ಯಾಕಪ್ಪ ಹಾಗೆ ಕೂತಿದೀಯ, ಹೆಣ ಕಾಯೋರ ಹಾಗೆ?" ಅವಳು ನಗಲಿಕ್ಕೆಂದೇ ಹೇಳಿದ ಮಾತು. ಇವಳಿಗೆ ಗೊತ್ತು ಎಂದು ಅವನಿಗೆ ಒಂದು ಕ್ಷಣ ನಿಜವಾಗಿ ಅನ್ನಿಸಿತು. ಫೋನನ್ನು ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಅದು ಆರಿತೋ ಇಲ್ಲವೋ ನೋಡಬೇಕೆಂದು ಮತ್ತೆ ಕೈ ತುರಿಸಿತು.

ಆ ಮೇಣದಬತ್ತಿ ಅವನದೇ. ಅವನೇ ಬರೆದ ಜ್ವಾಲೆ, ಅವನೇ ಬರೆದ ಆ್ಯಪ್. ಯಾರೂ ಮನೆಯಿಂದ ಹೊರಗೆ ಬರಕೂಡದು ಎಂದಿದ್ದ ಆ ವರ್ಷ ಈಸ್ಟರ್‌ಗೆ ಚರ್ಚಿನ ಬಾಗಿಲು ಮುಚ್ಚಿತ್ತು. ಅಂಗಡಿಯಲ್ಲಿ ಮೇಣದಬತ್ತಿಯೂ ಇರಲಿಲ್ಲ. ಒಂದು ಮಧ್ಯಾಹ್ನ ಕೂತು ಮಾಡಿಬಿಟ್ಟ. ಹೆಂಡತಿ ಇಲಿಂಕಾ ನೋಡಿ, ಇದು ಜ್ವಾಲೆಯಲ್ಲ, ಸಿಪ್ಪೆ ಬಿಡಿಸಿದ ಬೆಳ್ಳುಳ್ಳಿ ಎಂದು ನಕ್ಕಿದ್ದಳು. ಆ ಈಸ್ಟರ್‌ಗೆ ಎದುರಿನ ಕಟ್ಟಡದ ಬಾಲ್ಕನಿಗಳಲ್ಲೆಲ್ಲ ಜನ ಬೆಳ್ಳುಳ್ಳಿ ಹಿಡಿದು ನಿಂತಿದ್ದರು, ಕ್ರಿಸ್ತನೆದ್ದ ಎಂದು ಕೂಗುತ್ತಿದ್ದರು. ಅಷ್ಟು ಸಂತೋಷ ಅವನಿಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಆಮೇಲೆ ಅದನ್ನು ಮರೆತ. ಅದು ಅವನನ್ನು ಮರೆಯದೆ ಊರಿಂದೂರಿಗೆ ಹೋಯಿತು, ಆಸ್ಪತ್ರೆಗಳಿಗೂ ಹೋಯಿತು. ಆಕ್ಸಿಜನ್ ಇರುವ ಕೋಣೆಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಮೇಣದಬತ್ತಿ ಹಿಡಿಯದೆ ಸಾಯುವ ಹಾಗೂ ಇಲ್ಲ. ಅವನ ಅಜ್ಜಿ ತನ್ನ ಪ್ಲಮ್ ಹಣ್ಣು ಕದ್ದವರಿಗೆ ಬೇಲಿಯ ಮೇಲಿಂದ ಕೈ ಚಾಚಿ ಹಾಕುತ್ತಿದ್ದ ಶಾಪ ಒಂದೇ: ದೀಪವಿಲ್ಲದೆ ಸಾಯಿ! ಕಾಲರಾ ಬರಲಿ ಎಂದರೆ ಬೇಲಿಯಾಚೆಯವರು ತಿರುಗಿ ಬೈಯುತ್ತಿದ್ದರು. ದೀಪವಿಲ್ಲದೆ ಸಾಯಿ ಎಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೈಯಲ್ಲಿ ಬೆಳಕಿಲ್ಲದೆ ಹೊರಟ ಜೀವ ಕತ್ತಲೆಯಲ್ಲಿ ತಡಕಾಡುತ್ತಲೇ ಇರುತ್ತದೆ, ಎಂದೆಂದಿಗೂ. ಯುಸ್ತಿನ್ ಇದನ್ನೆಲ್ಲ ನಂಬುವವನಲ್ಲ. ನಂಬುವವನಲ್ಲ ಎಂದು ಈ ವಾರ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ.

ಒಂದೇ ಒಂದು ಸಾಲು. ಈ ಆ್ಯಪ್ ತೆರೆದಿರುವಷ್ಟು ಹೊತ್ತು ಪರದೆಯನ್ನು ಮಲಗಿಸಬೇಡ ಎಂದು ಫೋನಿಗೆ ಹೇಳುವ ಸಾಲು. ಮೊದಲಿಗೆ ಇತ್ತು. ಫೋನು ಕಾದ ಬಾಣಲೆ ಆಗುತ್ತದೆ, ಚಾರ್ಜು ನಿಲ್ಲುವುದಿಲ್ಲ ಎಂದು ಜನ ಬೈದರು. ಗಲಾತ್ಸ್‌ನ ಯಾರೋ ವಿದ್ಯಾರ್ಥಿ ಮೇಣದಬತ್ತಿ ಹಚ್ಚಿಟ್ಟು ಪ್ರಾರ್ಥನೆ ಮಾಡಿ ಹಾಗೇ ನಿದ್ದೆ ಹೋಗಿ, ಬೆಳಿಗ್ಗೆ ಫೋನು ಸತ್ತು ಅಲಾರಂ ಹೊಡೆಯದೆ ಪರೀಕ್ಷೆ ತಪ್ಪಿಸಿಕೊಂಡು, ಉದ್ದಕ್ಕೆ ಬರೆದಿದ್ದ. ಒಂದು ದಿನ ಆಫೀಸಿನಲ್ಲಿ ಎಡಗೈಯಲ್ಲಿ ಬಳೆಯಾಕಾರದ ಎಳ್ಳಿನ ಬ್ರೆಡ್ಡು ಹಿಡಿದು ತಿನ್ನುತ್ತಲೇ ಬಲಗೈಯಿಂದ ಆ ಸಾಲನ್ನು ಅಳಿಸಿ ಹಾಕಿದ. ಕೀಬೋರ್ಡಿನ ಮೇಲೆ ಎಳ್ಳು ಉದುರಿತ್ತು. ಊದಿ ತೆಗೆದದ್ದು ನೆನಪಿದೆ. ಅಳಿಸಿದ್ದು ಅಷ್ಟಾಗಿ ನೆನಪಿಲ್ಲ. ಅದೇ ಅವನನ್ನು ಕೊರೆಯುವುದು. ಏನಾದರೂ ಕೆಟ್ಟ ಬುದ್ಧಿಯಿಂದ, ಕೋಪದಿಂದ, ಕಡೆಗೆ ಸೋಮಾರಿತನದಿಂದ ಮಾಡಿದ್ದರೂ ಹಿಡಿದುಕೊಳ್ಳಲು ಒಂದು ಹಿಡಿ ಇರುತ್ತಿತ್ತು. ಎಳ್ಳು ಊದಿದ್ದಷ್ಟೇ ಅವನ ಕೈಗೆ ಸಿಕ್ಕುತ್ತದೆ.

ಕಳೆದ ವಾರ ಟ್ರಾಮಿನಲ್ಲಿ ನಿಂತುಕೊಂಡೇ ಆ್ಯಪ್ ಬಗ್ಗೆ ಬಂದಿದ್ದ ಆ ಅನಿಸಿಕೆಯನ್ನು ಓದಿದ. ಒಂದು ನಕ್ಷತ್ರ. ಕೆಳಗೆ: "ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೈಯಲ್ಲಿ ನಿಮ್ಮ ದೀಪ ಇತ್ತು. ಆರಿಹೋಯಿತು. ಇದನ್ನು ಮಾಡಿದವರು ನನಗೆ ಫೋನ್ ಮಾಡಲಿ." ವಯಸ್ಸಾದವರು ಮಾಡುವ ಹಾಗೆ ಊರೆಲ್ಲ ನೋಡುವಲ್ಲೇ ತನ್ನ ಮನೆಯ ಲ್ಯಾಂಡ್‌ಲೈನ್ ನಂಬರು ಹಾಕಿ, ಜೆನೋವಿಯಾ ಹುರ್ಮುಜ್, ಪಾಶ್ಕಾನಿ ಎಂದು ಹೆಸರೂ ಊರೂ ಬರೆದಿದ್ದಳು. ಅದರ ಕೆಳಗೆ ಅವನ ಉತ್ತರ ಆಗಲೇ ಕೂತಿತ್ತು. ಯಾವ ಕಾಲದಲ್ಲೋ ಅವನೇ ಬರೆದಿಟ್ಟಿದ್ದದ್ದು, ಒಂದು ನಕ್ಷತ್ರ ಬಂದ ಕಡೆಯೆಲ್ಲ ತಾನಾಗಿ ಹೋಗಿ ಕೂರುವಂಥದ್ದು: "ನಿಮ್ಮ ಅನಿಸಿಕೆಗೆ ಧನ್ಯವಾದ! ದಯವಿಟ್ಟು ಅಪ್ಡೇಟ್ ಮಾಡಿಕೊಂಡು ಮತ್ತೊಮ್ಮೆ ಪ್ರಯತ್ನಿಸಿ." ಕೊನೆಯಲ್ಲಿ ನಗುವ ಮುಖ. ಮತ್ತೊಮ್ಮೆ ಪ್ರಯತ್ನಿಸಿ. ಇಳಿಯಬೇಕಾದಲ್ಲಿ ಇಳಿಯಲಿಲ್ಲ. ಆ ದಿನವೇ ಸಾಲನ್ನು ವಾಪಸು ಸೇರಿಸಿದ. ತನ್ನ ಫೋನಿನಲ್ಲಿ ಮಾತ್ರ ಹಳೆಯದನ್ನೇ ಇಟ್ಟುಕೊಂಡು ಅದು ಆರುವುದನ್ನು ನೋಡುತ್ತ ಕೂರುವುದು ಅಂದಿನಿಂದ ಅಂಟಿಕೊಂಡಿತು. ಮೂರನೆಯ ದಿನ ಇಲಿಂಕಾ ಕಿರುಚಿದಳು: "ನೀನು ಕೊಂದ್ಯೇನು ಅವಳ್ನ? ಇಲ್ಲ ತಾನೆ? ಮುದುಕಿ, ಕಾಯಿಲೆ, ಸತ್ಲು. ಫೋನ್ ಮಾಡು ಅಂದಿದಾರೆ, ಮಾಡು, ತಪ್ಪಾಯ್ತು ಅನ್ನು, ಮುಗಿಸು. ಊಟದ ತಟ್ಟೆ ಮುಂದೆ ಇಟ್ಕೊಂಡು ಆರ್ಸೋದು ಹಚ್ಚೋದು ಮಾಡ್ಬೇಡ, ನಂಗೆ ಭಯ ಆಗುತ್ತೆ!"

ಫೋನು ಎತ್ತಿದ ದನಿ ಎಲ್ಲೋ ಕೇಳಿದ್ದೆನ್ನಿಸಿತು. ಸ್ಪಷ್ಟ, ಪ್ರತಿ ಅಕ್ಷರವೂ ಬೇರೆ ಬೇರೆ. ಆಮೇಲೆ ಗೊತ್ತಾಯಿತು, ಪಾಶ್ಕಾನಿ ನಿಲ್ದಾಣದಲ್ಲಿ ಯಂತ್ರ ಬರುವ ಮುಂಚೆ ರೈಲುಗಳನ್ನು ಕೂಗುತ್ತಿದ್ದವಳು ಇವಳೇ. ಕಾಲೇಜಿಗೆ ಹೋಗುವಾಗ ಯುಸ್ತಿನ್ ಎಷ್ಟು ಸಲ ಈ ದನಿ ಹೇಳಿದ ಕಡೆಗೆ ಓಡಿದ್ದಾನೋ. "ಮೇಡಂ, ನಾನು ಆ ದೀಪದ ಆ್ಯಪ್..." ಎಂದು ಶುರು ಮಾಡಿದ. ಅವಳು ಬೈಯುತ್ತಾಳೆಂದು ಮೈ ಬಿಗಿ ಮಾಡಿಕೊಂಡಿದ್ದ. "ಮೇಡಮ್ಮೂ ಬೇಡ ಗೀಡಮ್ಮೂ ಬೇಡ. ಜೆನೋವಿಯಕ್ಕ ಅನ್ನಿ, ಎಲ್ರೂ ಹಾಗೇ ಕರೆಯೋದು. ಶನಿವಾರ ಅಮ್ಮಂದು ನಲವತ್ತನೇ ದಿನ. ಬನ್ನಿ. ನಿಮ್ಹತ್ರ ಒಂದು ಕೇಳೋದಿದೆ, ಫೋನಲ್ಲಿ ಕೇಳೋ ಮಾತಲ್ಲ." ಅವನು ತಪ್ಪಾಯ್ತು ಎಂದು ಹೇಳುವಷ್ಟರಲ್ಲಿ ಇಟ್ಟುಬಿಟ್ಟಿದ್ದಳು.

ಬೀಜದ ಹೆಂಗಸು ಸಿಪ್ಪೆಯ ಪೊಟ್ಟಣ ಮಡಿಸಿ ಪಾಶ್ಕಾನಿಯಲ್ಲೇ ಇಳಿದಳು. ಅವಳು ಹಿಂದೆಯೇ ಬರುತ್ತಾಳೇನೋ ಎಂದು ಅವನು ಎರಡು ಸಲ ತಿರುಗಿ ನೋಡಿದ. ರೈಲ್ವೆ ಕಾರ್ಖಾನೆಯ ಹಿಂದಿನ ನಾಲ್ಕು ಅಂತಸ್ತಿನ ಕಟ್ಟಡ, ಮೆಟ್ಟಿಲಿನುದ್ದಕ್ಕೂ ಹುಳಿ ಎಲೆಕೋಸಿನ ವಾಸನೆ. ಬಾಗಿಲು ತೆರೆದೇ ಇತ್ತು. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ನನ್ನಿಂದ ಒಂದು ದೊಡ್ಡ ತಪ್ಪಾಗಿದೆ, ಅದನ್ನು ಸರಿಪಡಿಸಲಾಗುವುದಿಲ್ಲ ಎಂದು ಗೊತ್ತು, ಆದರೂ. ಈ 'ಆದರೂ' ಆದ ಮೇಲೆ ಏನೆಂದು ತಿಳಿಯದೆ ಅಲ್ಲಿಗೇ ನಿಂತಿತ್ತು. ಬಾಗಿಲಲ್ಲಿ ಜೆನೋವಿಯಾ ಬಂದಳು, ಕಪ್ಪು ತಲೆವಸ್ತ್ರ, ಹಿಟ್ಟಾದ ಕೈ. ಅವನು ಬಾಯಿ ತೆರೆಯುವ ಮೊದಲೇ ಕೈಗೆ ತಟ್ಟೆ ಕೊಟ್ಟಳು. "ಮೊದ್ಲು ತಿನ್ನಿ. ಸತ್ತೋರ ಊಟ ಬಿಸಿ ಆರೋಕ್ ಬಿಡಬಾರ್ದು." ಒಳಗಿನವರಿಗೆ ಕೂಗಿದಳು: "ಮೇಣದಬತ್ತಿಯೋರು ಬಂದ್ರು!"

ಮೇಜಿನ ಸುತ್ತ ಹತ್ತು ಹನ್ನೆರಡು ಜನ, ಬೆಳಗಿನ ಚರ್ಚು ಮುಗಿಸಿ ಬಂದವರು, ಕೋಸಿನೆಲೆಯಲ್ಲಿ ಸುತ್ತಿದ ಮಾಂಸದ ಕಡುಬು ತಿನ್ನುತ್ತಿದ್ದರು. ಎಲ್ಲರೂ ಅವನನ್ನು ನೋಡಿದರು. ಕಿವಿ ಮಂದವಾದ ಮುದುಕನೊಬ್ಬ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಯಾವ್ಯಾವ ಚರ್ಚಿಗೆ ಹಾಕ್ತೀರಿ? ಈಗಿನ ಮೇಣ ಬರೀ ಹೊಗೆ, ನೀವಾದ್ರೂ ಜೇನುಮೇಣ ಬೆರೆಸ್ತೀರೋ ಇಲ್ವೋ?" ಎಂದು ಕೇಳಿದ. ಬೆರೆಸುತ್ತೇನೆ ಎಂದುಬಿಟ್ಟ ಯುಸ್ತಿನ್. ಯಾಕೆಂದನೋ. ಹೇಳಿದ ಮೇಲೆ ತಲೆ ಬಗ್ಗಿಸಿ ಗಬಗಬ ತಿಂದ. ರುಚಿಯಾಗಿತ್ತು. ಆರು ದಿನದಿಂದ ಸರಿಯಾಗಿ ತಿಂದಿರದವನಿಗೆ ಇಲ್ಲಿ, ಈ ಮನೆಯಲ್ಲಿ, ಹಸಿವೆಯಾಗುತ್ತಿತ್ತು. ತನ್ನ ಮೇಲೇ ಅವನಿಗೆ ಅಸಹ್ಯವಾಯಿತು. ಗೋಡೆಗೊರಗಿಸಿಟ್ಟ ಫೋಟೋದಲ್ಲಿ ಸತ್ತಾಕೆ, ಅಗ್ರಿಪೀನಾ ಅಜ್ಜಿ, ಕ್ಯಾಮೆರಾದವನಿಗೆ ಏನೋ ಬೈಯಲು ಹೊರಟವಳ ಹಾಗೆ ನೋಡುತ್ತಿದ್ದಳು. ಫೋಟೋದ ಮುಂದೆ ನಿಜವಾದ ಮೇಣದಬತ್ತಿ ಉರಿಯುತ್ತಿತ್ತು, ಪಕ್ಕದಲ್ಲಿ ಕೊಲಿವಾ, ಬೇಯಿಸಿದ ಗೋಧಿಗೆ ಸಕ್ಕರೆ ಅಕ್ರೋಟು ಹಾಕಿ ಮೇಲೆ ಶಿಲುಬೆ ಬರೆದದ್ದು.

ಮೇಜಿನ ಆ ತುದಿಯಲ್ಲಿ ಕೂತಿದ್ದ ದಪ್ಪ ಗಂಡಸೊಬ್ಬ ಏನನ್ನೂ ಮುಟ್ಟಿರಲಿಲ್ಲ. ಅವನ ಮುಂದಿನ ತಟ್ಟೆ ಚೊಕ್ಕಟವಾಗಿತ್ತು. "ಇವನೇನಾ?" ಎಂದ. "ನಾನು ಯಾರೋ ದೊಡ್ಡ ಮನುಷ್ಯ ಅಂದ್ಕೊಂಡಿದ್ದೆ. ಮೀಸೆ ಬಂದಿರೋ ಮಗು!" ಜೆನೋವಿಯಾಳ ತಮ್ಮ ನೆಕುಲಾಯ್ ಎಂದು ಮುದುಕ ಪಿಸುಗುಟ್ಟಿದ. ಲಾರಿ ಓಡಿಸುತ್ತಾನೆ, ಸತ್ತ ಮಾರನೆಯ ದಿನ ಬಂದ, ಬಂದಾಗಿನಿಂದ ಅಕ್ಕನ ಕೈಯ ನೀರು ಕುಡಿದಿಲ್ಲ. "ದೀಪವಂತೆ ದೀಪ!" ನೆಕುಲಾಯ್ ದನಿ ಏರಿಸಿದ. "ಈ ಬೀದೀಲಿ ಯಾರ್ ಸತ್ರೂ ನಮ್ಮಮ್ಮನ್ನೇ ಕರೀತಿದ್ರು. ಎಷ್ಟು ಜನರ ಕೈಗೆ ಬತ್ತಿ ಹಿಡಿಸಿದಾಳೆ ಅವಳು! ಅವಳಿಗೆ ಮಾತ್ರ ಟೆಲಿಫೋನು. ಅದೂ ಆರಿದ್ದು. ಮಗಳು ಪಕ್ಕದಲ್ಲೇ ಕೂತಿದ್ಲಂತೆ, ಗೊರಕೆ ಹೊಡ್ಕೊಂಡು." ಯಾರೋ ಒಬ್ಬರು, "ನೆಕುಲಾಯ್, ಊಟದ ಹೊತ್ತಲ್ಲಿ ಯಾಕೋ," ಎಂದರು. "ಊಟ ನೀವು ಮಾಡಿ. ಕತ್ತಲಲ್ಲಿ ತಡಕಾಡ್ತಿರೋಳ ಹೆಸರಲ್ಲಿ ನಂಗೆ ಇಳಿಯಲ್ಲ." ಜೆನೋವಿಯಾ ಬ್ರೆಡ್ಡು ಕೊಯ್ಯುತ್ತಿದ್ದಳು. ಕೊಯ್ಯುವುದನ್ನು ನಿಲ್ಲಿಸಲಿಲ್ಲ. ರೈಲು ಕೂಗುವ ದನಿಯಲ್ಲೇ ಎಲ್ಲರಿಗೂ ಇನ್ನೊಂದಿನ್ನೊಂದು ಕಡುಬು ಹಾಕಿಕೊಳ್ಳಲು ಹೇಳಿ, ಯುಸ್ತಿನ್‌ಗೆ ಕಣ್ಣಲ್ಲೇ ಸನ್ನೆ ಮಾಡಿ ಅಡುಗೆಮನೆಗೆ ನಡೆದಳು.

ಅಡುಗೆಮನೆಯಲ್ಲಿ ಅವಳು ಬಾಗಿಲು ಹಾಕಿ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಟವೆಲಿನಲ್ಲಿ ಸುತ್ತಿಟ್ಟಿದ್ದ ಫೋನು ತೆಗೆದಳು. ದಪ್ಪ ರಬ್ಬರಿನ ಕವಚ ಹಾಕಿದ್ದ ಅಗ್ಗದ ಫೋನು. "ಅವತ್ತಿಂದ ಇದನ್ನ ಮುಟ್ಟಿಲ್ಲ ನಾನು. ನಿಮಗೆ ಬರೆದದ್ದೂ ಪಕ್ಕದ ಮನೆಯೋರ ಫೋನಲ್ಲಿ." ಈಗ ಹೇಳಬೇಕು ಎಂದು ಯುಸ್ತಿನ್‌ಗೆ ಅನ್ನಿಸಿತು. "ಅಕ್ಕಾ, ನನ್ನಿಂದ ಒಂದು ದೊಡ್ಡ—" ಎಂದ. "ಇರಿ," ಎಂದಳು. "ಮೊದ್ಲು ನನ್ನ ಮಾತು ಕೇಳಿ. ಆಸ್ಪತ್ರೇಲಿ ಮೇಜಿನ ಮೇಲೆ ಇಟ್ಟಿದ್ದಾಗಿಂದ ಆರ್ತಾನೇ ಇತ್ತು. ನಾನು ಮುಟ್ತಾನೇ ಇದ್ದೆ. ತೊಟ್ಟಿಲು ತೂಗ್ತೀವಲ್ಲ, ಆ ಥರ, ಕೈ ತಾನೇ ಹೋಗೋದು. ಎರಡು ದಿನ. ಮಧ್ಯಾಹ್ನದ ಮೇಲೆ ಉಸಿರು ಬೇರೆ ಥರ ಆಯ್ತು. ನರ್ಸು ಬಂದು ನೋಡಿ, ಇನ್ನು ಕೈಗೆ ಕೊಡಿ ಅಂದ್ಲು. ಕೊಟ್ಟೆ. ಹಿಡ್ಕೊಂಡ್ಲು. ನಾನು ಕಣ್ಣಾರೆ ನೋಡ್ದೆ, ಹಿಡ್ಕೊಂಡ್ಲು. ಅವಳ ಮಣಿಕಟ್ಟು ಹಿಡಿದು ಕೂತಿದ್ದೆ. ಬಿಸಿಲು ಬೆನ್ನಿಗೆ ಬೀಳ್ತಿತ್ತು. ಕಣ್ಣು ಮುಚ್ಚಿದೆ." ಆಚೆ ತಟ್ಟೆಗಳ ಸದ್ದು. "ಎಚ್ಚರ ಆದಾಗ ಅವಳೂ ಕಣ್ಣು ಮುಚ್ಚಿದ್ಲು. ಇದೂ ಕಪ್ಪಗಿತ್ತು. ನೀವು ಮಾಡಿದೋರು, ನಿಮಗೆ ಗೊತ್ತಿರುತ್ತೆ. ಹೇಳಿ. ಮೊದಲು ಆರಿದ್ದು ಯಾವುದು?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ್ಯಪ್ ಸರಿಯಿಲ್ಲ ಎಂದು ಅವಳು ಅವನನ್ನು ಕರೆಸಿರಲಿಲ್ಲ. ಅವಳ ಲೆಕ್ಕದಲ್ಲಿ ಅವನು ತಪ್ಪಿತಸ್ಥನೇ ಆಗಿರಲಿಲ್ಲ, ಸಾಕ್ಷಿಯಾಗಿದ್ದ. ಒಂದು ವಾರ ಹೊತ್ತು ತಿರುಗಿದ ತನ್ನ ಅಪರಾಧವನ್ನು ಯಾರೂ ಕೇಳದೆ ಪಕ್ಕಕ್ಕಿಟ್ಟ ಹಾಗಾಗಿ ಅವನಿಗೆ, ಹೇಳಿದರೆ ನಾಚಿಕೆ, ಸ್ವಲ್ಪ ಅವಮಾನವೇ ಆಯಿತು. ಫೋನು ಚಾರ್ಜಿಗೆ ಹಾಕಿ ತೆರೆದು ನೋಡಿದ. ಒಳಗೆ ಎಲ್ಲೋ ಒಂದು ಆಸೆಯಿತ್ತು. ಆ ಆಸೆಯನ್ನು ಅವನು ಇಲಿಂಕಾಳಿಗೂ ಹೇಳಿರಲಿಲ್ಲ. ಪರದೆ ಎಷ್ಟು ಬೇಗ ಮಲಗಬೇಕೆಂದು ಫೋನಿನಲ್ಲೇ ಇಟ್ಟಿರುತ್ತಾರೆ, ಅದನ್ನು ತೀರ ಕಡಿಮೆ ಇಟ್ಟಿದ್ದರೆ ತಪ್ಪು ಅವಳದೂ ಆಗುತ್ತದೆ. ಅರ್ಧ ನಿಮಿಷಕ್ಕೆ ಇಟ್ಟಿತ್ತು. "ಇದನ್ನ ಯಾರು ಇಟ್ಟಿದ್ದು?" "ಅಂಗಡಿಯೋನು. ಚಾರ್ಜು ಉಳಿಯುತ್ತೆ ಅಂದ. ಯಾಕೆ?" ಎದೆ ಹಗುರಾಯಿತು, ಹಗುರಾದ ಮರುಕ್ಷಣ ಆ ಹಗುರಕ್ಕೇ ಹೇಸಿಗೆಯಾಯಿತು. ಯಾಕೂ ಇಲ್ಲ ಎಂದ. "ಮುಟ್ಟದೆ ಬಿಟ್ರೆ ಅರ್ಧ ನಿಮಿಷಕ್ಕೆ ಆರುತ್ತೆ, ಅಕ್ಕಾ." "ಅಷ್ಟು ನಂಗೂ ಗೊತ್ತು. ಎರಡು ದಿನ ಕಾದಿದೀನಿ. ಮುಟ್ತಾನೇ ಇದ್ರೆ?" "ಬೆರಳು ಅಲುಗಾಡ್ತಾ ಇದ್ರೆ ಆರಲ್ಲ."

ಜೆನೋವಿಯಾ ಮೇಜು ಹಿಡಿದುಕೊಂಡು ಕೂತಳು. "ಅಮ್ಮನ ಕೈ ನಡುಗ್ತಿತ್ತು," ಎಂದಳು. "ಹತ್ತು ವರ್ಷದ ಕಾಯಿಲೆ. ಸೂಪಿನ ಚಮಚ ಬಾಯಿಗೆ ಹೋಗೋಷ್ಟರಲ್ಲಿ ಖಾಲಿ. ಶಿಲುಬೆ ಹಾಕ್ಕೊಂಡ್ರೆ ನೊಣ ಓಡಿಸ್ತಿದಾಳೆ ಅಂತ ನಾವೆಲ್ಲ ಆಡ್ಕೋತಿದ್ವಿ, ಅವಳೂ ನಗ್ತಿದ್ಲು. ಅವತ್ತೂ ನಡುಗ್ತಾನೇ ಇತ್ತು, ನನ್ನ ಕೈಗೆ ತಾಕ್ತಿತ್ತು, ಅದೇ ನನ್ನ ನಿದ್ದೆ ಮಾಡ್ಸಿದ್ದು. ಹಾಗಾದ್ರೆ ನಡುಕ ನಿಲ್ಲೋವರೆಗೂ ಉರಿದಿರುತ್ತೆ. ಅಲ್ವಾ? ಅವಳು ನಿಂತ ಮೇಲೆ ಅದು ನಿಂತಿರುತ್ತೆ." ಅವಳ ಮುಖ ನೋಡಲು ಆಗದೆ ಅವನು ಫೋನನ್ನೇ ನೋಡಿದ. ಹೌದು ಎಂದರೆ ಸಾಕಿತ್ತು. ಆದರೆ ಎಲ್ಲವನ್ನೂ ಷರತ್ತು ಸಮೇತ ಹೇಳಿ ಅಭ್ಯಾಸವಾದ ಬಾಯಿ. "ಬೆರಳು ಗಾಜಿನ ಮೇಲಿದ್ದಿದ್ರೆ," ಎಂದ. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡ. ಎಳ್ಳು ಊದಿದ್ದೂ ಇದೇ ಬಾಯಿ.

ಅವಳು ಎದ್ದಳು. ಅವನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಅಮ್ಮನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಹಳೆಯ ಆ್ಯಪ್ ತೆರೆದಳು. ಬೆಳ್ಳುಳ್ಳಿಯಂಥ ಆ ಜ್ವಾಲೆ ಎದ್ದಿತು. ಆಮೇಲೆ ಅವನ ಕೈಗಳನ್ನು ತೆಗೆದುಕೊಂಡಳು, ಅವು ಬೇರೆ ಯಾರದೋ ಎಂಬಂತೆ. ಬಲಗೈ ಕೆಳಗೆ, ಅಂಗೈ ಮೇಲಕ್ಕೆ. ಅದರಲ್ಲಿ ಫೋನು. ಎಡಗೈಯನ್ನು ಪಕ್ಕದಿಂದ ತಂದು ಆನಿಸಿದಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಅವಳ ಕೈ ತಣ್ಣಗಿತ್ತು, ಹಿಟ್ಟಿನ ಒರಟಿತ್ತು. ಸತ್ತವರ ಕೈಯನ್ನು ಹೀಗೇ ಜೋಡಿಸುತ್ತಾರೆ ಎಂದು ಅವನಿಗೆ ಹೊಳೆಯಿತು. ತನ್ನ ಅಜ್ಜಿಯ ಕೈ ಜೋಡಿಸುವಾಗ ಅವನು ಬಾಗಿಲಾಚೆ ನಿಂತಿದ್ದ, ಒಳಗೆ ಬಾ ಎಂದರೂ ಹೋಗಿರಲಿಲ್ಲ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದೇನೆ ಎಂದಿದ್ದ. ಕೊನೆಗೆ ಜೆನೋವಿಯಾ ಅವನ ಬಲ ಹೆಬ್ಬೆರಳನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. ನೆನಪಿಲ್ಲ ಎನ್ನಬಹುದಿತ್ತು. ಅವಳು ಹಾಗೆನ್ನಲಿಲ್ಲ. ಬೆರಳನ್ನು ರಬ್ಬರಿನ ಅಂಚಿನ ಮೇಲಿಟ್ಟಳು. ಗಾಜಿನಿಂದ ಒಂದು ಕಾಳಿನಷ್ಟು ಈಚೆಗೆ. "ಇಲ್ಲಿ," ಎಂದಳು. "ಇಲ್ಲಿತ್ತು." ಅವನು ಅವಳನ್ನು ನೋಡಿದ. ರಬ್ಬರಿನ ಮೇಲೆ ಎಷ್ಟು ನಡುಗಿದರೂ ಪರದೆಗೆ ತಿಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿದೆಯೇ, ಅಡುಗೆಮನೆಯಲ್ಲಿ ಅವನಾಡಿದ ಮಾತನ್ನು ಪೂರ್ತಿ ಹಿಡಿದಿದ್ದಾಳೆಯೇ, ಆ ಮುಖದಲ್ಲಿ ಓದಲಾಗಲಿಲ್ಲ. ಅವಳು ಬಾಗಿಲಿಗೆ ಹೋಗಿ ಕೂಗಿದಳು: "ನೆಕುಲಾಯ್! ಬಾ ಇಲ್ಲಿ. ಎಲ್ರೂ ಬನ್ನಿ."

ಅವಳ ಬೆನ್ನು ಈ ಕಡೆಗಿತ್ತು. ಒಂದು ಕಾಳಿನಷ್ಟು ದೂರ. ಯುಸ್ತಿನ್ ಹೆಬ್ಬೆರಳನ್ನು ಸರಿಸಿ ಗಾಜಿನ ಮೇಲಿಟ್ಟ. ಯೋಚಿಸಿ ಮಾಡಿದ್ದಲ್ಲ. ಆ ಸಾಲನ್ನು ಅಳಿಸಿದಾಗಲೂ ಯೋಚಿಸಿರಲಿಲ್ಲ. ಆದರೆ ಇದು ನೆನಪಿರುತ್ತದೆ ಎಂದು ಸರಿಸುವಾಗಲೇ ಅವನಿಗೆ ಗೊತ್ತಾಯಿತು. ಅವಳು ತಿರುಗಿದಳು. ಅವಳ ಕಣ್ಣು ನೇರ ಆ ಬೆರಳಿಗೆ ಬಂತು, ಅಲ್ಲಿ ನಿಂತಿತು. ತುಟಿ ಸ್ವಲ್ಪ ತೆರೆಯಿತು. ಈಗ ಹೇಳುತ್ತಾಳೆ ಎಂದುಕೊಂಡ. ಜನ ಒಳಗೆ ತುಂಬುತ್ತಿದ್ದರು, ಕಿವಿ ಮಂದದ ಮುದುಕ ಏನು ಏನು ಎನ್ನುತ್ತಿದ್ದ, ನೆಕುಲಾಯ್ ಬಾಗಿಲಿಗೆ ಭುಜ ಕೊಟ್ಟು ನಿಂತ. ಅಂಥ ಸ್ಪಷ್ಟ ದನಿಯ ಜೆನೋವಿಯಾ ಕೂಡ ಗಂಟಲು ಸರಿ ಮಾಡಿಕೊಳ್ಳಬೇಕಾಯಿತು. "ಅಮ್ಮನ ಕೈ ನಡುಗ್ತಿತ್ತು," ಎಂದಳು ಅವನಿಗೆ. "ನಡುಗಿಸಿ."

ನಡುಗಿಸಿದ. ಮೊದಮೊದಲು ಕೆಟ್ಟ ನಾಟಕದವನ ಹಾಗೆ, ಅತಿಯಾಗಿ. ಎಲ್ಲರೂ ನೋಡುತ್ತಿದ್ದರು. ಇವನು ಮಾಡುತ್ತಿರುವುದು ಮೋಸ ಎಂದು ಯಾರಾದರೂ ಒಬ್ಬರು ಬಂದು ಕೆನ್ನೆಗೆ ಬಾರಿಸಿದರೆ ಸಾಕು ಅನ್ನಿಸಿತು. ಅರ್ಧ ನಿಮಿಷ ಕಳೆಯಿತು, ಇನ್ನಷ್ಟು ಕಳೆಯಿತು. ಜ್ವಾಲೆ ಇತ್ತು. "ಇದೇ ಫೋನಾ?" ನೆಕುಲಾಯ್ ಕೇಳಿದ. "ಇದೇ," ಎಂದಳು ಅಕ್ಕ. "ಅವತ್ತಿನದೇ. ಏನೂ ಬದಲಾಯಿಸಿಲ್ಲ." ನೆಕುಲಾಯ್ ಹತ್ತಿರ ಬಂದು ಮಂಡಿಯೂರಿ ಕೂತ. ಜ್ವಾಲೆಯ ಬೆಳಕು ಆ ದೊಡ್ಡ ಮುಖದ ಮೇಲೆ ಬಿತ್ತು. ಬಾಯಲ್ಲಿ ಡೀಸೆಲ್ ಮತ್ತು ಪುದೀನದ ವಾಸನೆ. "ಹೇಳಿ," ಎಂದ ಯುಸ್ತಿನ್‌ಗೆ, ಮೆಲ್ಲಗೆ, ಮೊದಲ ಸಲ ಬಹುವಚನದಲ್ಲಿ. "ನೀವು ಮಾಡಿದೋರು. ಕೈ ನಿಂತ ಮೇಲೇನಾ ಆರೋದು?" "ಬೆರಳು ಅಲುಗಾಡೋವರೆಗೂ ಆರಲ್ಲ," ಎಂದ ಯುಸ್ತಿನ್. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. "ದೇವರ ಮುಂದೆ ಹೇಳ್ತೀರಾ?" "ಹೇಳ್ತೀನಿ." ನೆಕುಲಾಯ್ ತುಟಿ ಕಚ್ಚಿ ನೋಡುತ್ತ ಕೂತ. ಆಮೇಲೆ ಯಾರಿಗೂ ಅಲ್ಲದೆ ಹೇಳಿದ: "ನಾನು ಹಂಗೇರಿ ಗಡೀಲಿ ಸಾಲಲ್ಲಿ ನಿಂತಿದ್ದೆ. ಇಳಿದು ಓಡಿ ಬರೋಕಾಗುತ್ತಾ? ಹೇಳ್ರೋ, ಬರೋಕಾಗುತ್ತಾ?"

ಈಗ ಯುಸ್ತಿನ್‌ನ ತೋಳು ಸೋತಿತ್ತು, ನಡುಗಿಸುವ ಕೆಲಸ ಉಳಿದಿರಲಿಲ್ಲ, ಕೈ ತಾನಾಗಿ ನಡುಗುತ್ತಿತ್ತು. ನಿಲ್ಲಿಸಿದರೆ ಆರುತ್ತದೆ. ಯಾವಾಗ ನಿಲ್ಲಿಸಬೇಕೆಂದು ಅವನಿಗೆ ತಿಳಿಯದು. ಸಂಜೆಯವರೆಗೂ ಕೂತಿರಬಲ್ಲೆ ಎಂದು, ಕೂತೇ ಇರಬೇಕೆಂದು ಅನ್ನಿಸತೊಡಗಿತು. ಮಂಚದ ಮೇಲೆ ಹೊದಿಕೆ ಮಡಿಸಿಟ್ಟಿತ್ತು, ದಿಂಬಿನ ಮಧ್ಯೆ ಇನ್ನೂ ತಗ್ಗಿತ್ತು. ಜೆನೋವಿಯಾ ಅವನ ಪಕ್ಕಕ್ಕೆ ಬಂದು ಕೂತು ಮಣಿಕಟ್ಟು ಹಿಡಿದುಕೊಂಡಳು, ಆಸ್ಪತ್ರೆಯಲ್ಲಿ ಹಿಡಿದು ಕೂತಿದ್ದ ಹಾಗೆಯೇ ಇರಬೇಕು. ಕಣ್ಣು ಮಾತ್ರ ಮುಚ್ಚಲಿಲ್ಲ. ರೆಪ್ಪೆಯನ್ನೂ ಬಡಿಯದೆ ಜ್ವಾಲೆ ನೋಡಿದಳು. ಆಮೇಲೆ ಅವನೊಬ್ಬನಿಗೇ ಕೇಳಿಸುವ ಹಾಗೆ, ರೈಲು ಬಿಡುವ ಹೊತ್ತು ಹೇಳಿದ ಹಾಗೆ, "ಈಗ," ಎಂದಳು.

ಅವನು ಹೆಬ್ಬೆರಳನ್ನು ಅಂಚಿಗೆ ಸರಿಸಿದ, ಅವಳಿಟ್ಟಿದ್ದ ಜಾಗಕ್ಕೆ. ಕೈ ನಿಂತಿರಲಿಲ್ಲ, ರಬ್ಬರಿನ ಮೇಲೆ ನಡುಗುತ್ತಲೇ ಇತ್ತು. ಅವಳು ತನ್ನ ಬೆರಳುಗಳಿಂದ ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದು ನಿಲ್ಲಿಸಿದಳು. ಪರದೆ ಒಮ್ಮೆ ಮಂಕಾಯಿತು, ಮುಟ್ಟುತ್ತೀಯೋ ಬಿಡುತ್ತೀಯೋ ಎಂದು ಕೇಳಿತು, ಕಪ್ಪಾಯಿತು. "ದೇವರು ಕ್ಷಮಿಸಲಿ," ಎಂದು ಸತ್ತವರ ಹೆಸರಲ್ಲಿ ಹೇಳುವ ಮಾತನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಯಾರನ್ನು ಎಂದು ಅದರಲ್ಲಿ ಹೇಳುವುದಿಲ್ಲ. ಯುಸ್ತಿನ್ ಕೂಡ ಹೇಳಿದ. ನೆಕುಲಾಯ್ ನೆಲದಿಂದ ಏಳಲಾರದೆ ಅಕ್ಕನ ತೊಡೆ ಹಿಡಿದುಕೊಂಡು ಅಲ್ಲೇ ತಲೆಯಿಟ್ಟ. ಅವಳು ಅವನ ಬೋಳಾಗುತ್ತಿದ್ದ ನೆತ್ತಿ ಸವರಿದಳು. "ಏಳೋ. ಕೊಲಿವಾ ತಿನ್ನು. ಬೆಳಗಿಂದ ಏನೂ ತಿಂದಿಲ್ಲ ನೀನು." ಅವನು ತಿಂದ. ಬಟ್ಟಲು ತುಂಬ ಹಾಕಿಸಿಕೊಂಡು, ಮೂಗು ಒರೆಸಿಕೊಳ್ಳುತ್ತ, ನಿಂತುಕೊಂಡೇ ತಿಂದ.

ಹೊರಡುವಾಗ ಬಾಗಿಲಲ್ಲಿ ಜೆನೋವಿಯಾ ಅವನ ಕೈಗೆ ಒಂದು ಲೋಟ ಕೊಟ್ಟಳು, ಸತ್ತವರ ಹೆಸರಲ್ಲಿ ಕೊಡುವ ದಾನ: ಒಳಗೆ ಚಿಕ್ಕ ಬ್ರೆಡ್ಡು, ಅದಕ್ಕೆ ಚುಚ್ಚಿದ ಮೇಣದಬತ್ತಿ. ಬೊಗ್ದಾಪ್ರೋಸ್ತೆ, ದೇವರು ಕ್ಷಮಿಸಲಿ, ಎಂದು ಹೇಳಿ ತೆಗೆದುಕೊಳ್ಳಬೇಕು, ತೆಗೆದುಕೊಂಡ. ತಾನು ಕಟ್ಟಿಕೊಂಡು ಬಂದ ವಾಕ್ಯ ಗಂಟಲಲ್ಲೇ ಇತ್ತು. "ಅಕ್ಕಾ, ಫೋನಿನಲ್ಲಿ ಹೊಸದು ಹಾಕಿಕೊಡ್ಲಾ? ಅದರಲ್ಲಿ ಆರಲ್ಲ." "ಬೇಡ," ಎಂದಳು. "ಇದನ್ನ ಮುಟ್ಬೇಡಿ. ಹೀಗೇ ಇರ್ಲಿ." ಅವಳ ಕಣ್ಣು ಒಣಗಿತ್ತು, ಹತ್ತು ವರ್ಷ ಜಾಸ್ತಿಯಾದವಳ ಹಾಗೆ ಕಂಡಳು. ಅವನ ಬಲಗೈಯನ್ನು ಹಿಡಿದು ಹೆಬ್ಬೆರಳನ್ನೊಮ್ಮೆ ಅದುಮಿದಳು. "ಹುಷಾರು, ಮೆಟ್ಟಿಲು ಕತ್ತಲೆ ಇದೆ."

ನಿಲ್ದಾಣದಲ್ಲಿ ಯಂತ್ರದ ಹೆಂಗಸು ಯಾಶ್ ರೈಲನ್ನು ಕೂಗಿದಳು, ಊರಿನ ಹೆಸರನ್ನು ತಪ್ಪು ಕಡೆ ಎಳೆದು. ಲೋಟವನ್ನು ತೊಡೆಗಳ ಮಧ್ಯೆ ಇಟ್ಟುಕೊಂಡು ಅವನು ಕಿಟಕಿಯ ಪಕ್ಕ ಕೂತ. ಮೇಣದಬತ್ತಿ ಜೇನುಮೇಣದ್ದು, ವಾಸನೆ ಬರುತ್ತಿತ್ತು. ರೈಲಿನಲ್ಲಿ ಹಚ್ಚುವಂತಿಲ್ಲ. ಬಲಗೈಯ ಹೆಬ್ಬೆರಳು ಇನ್ನೂ ಅದುರುತ್ತಿತ್ತು, ಎಡಗೈಯಿಂದ ಹಿಡಿದುಕೊಂಡ. ಯಾಶ್ ಹತ್ತಿರ ಬಂದಾಗ ಜೇಬಿನಲ್ಲಿ ಫೋನು ಸದ್ದು ಮಾಡಿತು. ಜೆನೋವಿಯಾ ಹುರ್ಮುಜ್ ತಾನು ಬರೆದಿದ್ದನ್ನು ತಿದ್ದಿದ್ದಳು. ನಕ್ಷತ್ರ ಒಂದೇ ಇತ್ತು, ಅದನ್ನು ಬದಲಾಯಿಸುವುದು ಗೊತ್ತಿಲ್ಲವೋ, ಬೇಡವೆನ್ನಿಸಿತೋ. ಅಮ್ಮ, ಆಸ್ಪತ್ರೆ, ಫೋನ್ ನಂಬರು ಎಲ್ಲ ತೆಗೆದುಹಾಕಿ ಎರಡೇ ಮಾತು ಬರೆದಿದ್ದಳು: "ಉರಿಯುತ್ತದೆ. ಪಕ್ಕದಲ್ಲಿ ಒಬ್ಬರು ಎಚ್ಚರವಾಗಿ ಕೂತಿರಬೇಕು." ಅವನು ಅದನ್ನು ಓದುತ್ತಿದ್ದ ಹಾಗೆಯೇ ಪರದೆ ಮಂಕಾಯಿತು. ಅವನು ಮುಟ್ಟಿದ.